ಕೊನೇ ಡಬ್ಬಿ ದಾಟುವವರೆಗೆ

ನಾನು ಎಲ್ಲಿಗೂ ಸರಿಯಾದ ಹೊತ್ತಿಗೆ ಹೋದವಳಲ್ಲ. ಗೇಟಮ್ಮನ ಮಣ್ಣಿಗೂ ತಡವಾಗಿಯೇ ಹೋದೆ. ಹಾಸನದಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು ಎಂದರೆ ಸುಳ್ಳಲ್ಲ. ಆದರೆ ಅದಕ್ಕೆ ಮುಂಚಿನ ಎರಡು ಬಸ್ಸುಗಳನ್ನು ತಪ್ಪಿಸಿಕೊಂಡವಳು ನಾನೇ. ಅರಸೀಕೆರೆಯ ರೈಲ್ವೆ ಕಾಲೋನಿಯ ಹಿಂದಿನ ಆ ಪುಟ್ಟ ಮನೆ ತಲುಪುವ ಹೊತ್ತಿಗೆ, ಮಣ್ಣಿಗೆ ಹೋದವರೆಲ್ಲ ವಾಪಸು ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಜಗಲಿಯ ಪಕ್ಕ ನಿಂತೆ. ಅವರ ಮಗಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಎಲ್ವಿ ಅಂದ್ರೆ ನೀವೇನಾ?"

ಹೌದೆಂದು ತಲೆಯಾಡಿಸಿದೆ.

"ಅವ್ವ ಹೇಳಿತ್ತು. ಎಲ್ಲಾರೂ ಬಂದು ಹೋದ್ಮೇಲೆ ಒಬ್ಬಳು ಬತ್ತಾಳೆ, ಅವಳ ಕೈಗೆ ಇದನ್ನ ಕೊಡು ಅಂತ." ಒಳಗಿನಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ಗಂಟನ್ನು ತಂದುಕೊಟ್ಟರು. ಬಿಚ್ಚಿದರೆ ಎರಡು ಬಾವುಟ. ಒಂದು ಕೆಂಪು, ಒಂದು ಹಸಿರು. ಬಣ್ಣ ಮಾಸಿತ್ತು, ಅಂಚನ್ನು ಕೈಯಲ್ಲೇ ಹೊಲಿದಿದ್ದರು, ಕೋಲು ಹಿಡಿದು ಹಿಡಿದು ನುಣುಪಾಗಿತ್ತು. ಅಳಬಾರದು ಎಂದುಕೊಂಡೇ ಹೋಗಿದ್ದೆ. ಆಗಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಅವರನ್ನು ಗೇಟಮ್ಮ ಎನ್ನುತ್ತಿದ್ದೆವು. ಅವರಿಗೆ ಬೇರೆ ಹೆಸರಿತ್ತು, ಆದರೆ ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಅದು ಇಲ್ಲಿಯೂ ಬೇಡ. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಹಳಿಯ ಮೇಲೆ ಕೆಲಸ ಮಾಡುವಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಇವರಿಗೆ ಲೆವೆಲ್ ಕ್ರಾಸಿಂಗಿನಲ್ಲಿ ಗೇಟ್ ಕಾಯುವ ಕೆಲಸ ಸಿಕ್ಕಿತು. ಹಾಸನದ ಕಡೆ ಹೋಗುವ ಹಳಿಯ ಪಕ್ಕ, ತೆಂಗಿನ ತೋಟ ಮತ್ತು ರಾಗಿ ಹೊಲದ ನಡುವೆ, ಗುಮ್ಟಿ ಎನ್ನುವ ಒಂದು ಕೋಣೆಯ ಗೂಡು. ಮೀಟರ್ ಗೇಜಿನ ಕಾಲದಿಂದ ಬ್ರಾಡ್ ಗೇಜ್ ಬರುವವರೆಗೆ ಅಲ್ಲೇ ಕಳೆದರು. ನಿವೃತ್ತಿಯಾದ ಮೇಲೆ, ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿದ್ದ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಂಬಿಕಸ್ಥ ಹೆಂಗಸೊಬ್ಬರು ಬೇಕು ಎಂದಾಗ ಯಾರೋ ಇವರನ್ನು ಕರೆತಂದರು. ಟ್ರಂಕು, ಗೋಡೆಗೆ ಹಾಕುವ ಬುದ್ಧನ ಪಟ, ಈ ಎರಡು ಬಾವುಟ, ಇಷ್ಟೇ ಅವರ ಸಾಮಾನು. ವಾರ್ಡನ್ ಅಂತ ಇನ್ನೊಬ್ಬರಿದ್ದರು. ಹಾಸನದಿಂದ ವಾರಕ್ಕೆರಡು ಸಲ ಬಂದು ಸಹಿ ಹಾಕಿ ಹೋಗುತ್ತಿದ್ದರು, ಪಾಪ.

ಬೆಳಿಗ್ಗೆ ನಾವು ಕಾಲೇಜಿಗೆ ಹೊರಡುವ ಹೊತ್ತಿಗೆ ಗೇಟಮ್ಮ ಗೇಟಿನ ಎಡಗಡೆ, ಪ್ರತಿದಿನ ಅದೇ ಕಲ್ಲಿನ ಮೇಲೆ ನಿಲ್ಲುತ್ತಿದ್ದರು. ಒಂದು ಕೈಯಲ್ಲಿ ಸುತ್ತಿದ ಕೆಂಪು ಬಾವುಟ, ಇನ್ನೊಂದರಲ್ಲಿ ಹಸಿರು. ಹೊಸದಾಗಿ ಸೇರಿದವರು ಮೊದಲ ವಾರ ಬಿದ್ದು ಬಿದ್ದು ನಗುತ್ತಿದ್ದರು. ಮೊದಲ ವರ್ಷ ನಾನೂ ನಕ್ಕು, ಅವರು ನಿಲ್ಲುವ ರೀತಿಯನ್ನು ರೂಮಿನಲ್ಲಿ ನಟಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಗೇಟಮ್ಮ, ನಮ್ಮ ಮುಖ ನೋಡಲ್ಲ, ಕಾಲು ನೋಡ್ತೀರಲ್ಲ, ಯಾಕೆ?"

"ಗಾಡಿ ದಾಟುವಾಗ ಗೇಟಿನೋಳು ಚಕ್ರ ನೋಡ್ಬೇಕು ಕಣವ್ವ. ಕಿಟಕೀಲಿ ಕೂತೋರ ಮುಖ ನೋಡ್ಕೊಂಡು ನಿಂತ್ರೆ ಆಯ್ತದಾ? ಆಕ್ಸಲ್ ಕಾದಿದ್ರೆ ಹೊಗೆ ಬತ್ತದೆ, ಏನಾದ್ರೂ ಕಳಚಿ ನೇತಾಡ್ತಿದ್ರೆ ಸದ್ದು ಬತ್ತದೆ. ಡ್ರೈವರಿಗೆ ಅದು ಕಾಣಲ್ಲ, ಒಳಗೆ ಕೂತೋರಿಗೂ ಗೊತ್ತಾಗಲ್ಲ. ಪಕ್ಕದಲ್ಲಿ ನಿಂತೋರಿಗೇ ಕಾಣೋದು."

"ಮತ್ತೆ ಎಲ್ಲರೂ ಹೋದ ಮೇಲೂ ನಿಂತೇ ಇರ್ತೀರಲ್ಲ?"

"ನಿಂಗೋಸ್ಕರ!" ಎಂದು ರೇಗಿದರು. "ಕೊನೇ ಡಬ್ಬಿ ಹಿಂದೆ ಎಲ್‌ವಿ ಅಂತ ಒಂದು ಬೋರ್ಡು ಹಾಕಿರ್ತಾರೆ. ಅದು ದಾಟಿದ್ರೆ ಗಾಡಿ ಪೂರ್ತಿ ಹೋಯ್ತು ಅಂತ. ಕಾಣ್ಲಿಲ್ಲ ಅಂದ್ರೆ ಎಲ್ಲೋ ತುಂಡಾಗಿ ಹಿಂದೆ ಉಳ್ಕೊಂಡೈತೆ ಅಂತ. ಅದನ್ನ ನೋಡ್ದೆ ಗೇಟ್ ತೆಗೆಯೋ ಹಂಗಿಲ್ಲ. ದಿನಾ ನೀನೇ ಕೊನೆ. ನಾನೇನ್ ಮಾಡ್ಲಿ?"

ಅವತ್ತಿನಿಂದ ನನ್ನ ಹೆಸರು ಎಲ್ವಿ. ಕಾಲೇಜಿನ ಲೆಕ್ಚರರ್‌ಗಳವರೆಗೂ ಹೋಯಿತು ಆ ಹೆಸರು.

ಗುಮ್ಟಿಯ ಕಾಲದ ಒಂದು ಕಥೆಯನ್ನು ಅವರಿಂದ ಎಷ್ಟು ಸಲ ಹೇಳಿಸಿಕೊಂಡಿದ್ದೇವೋ. ಮದುವೆ ದಿಬ್ಬಣದ ಜೀಪೊಂದು ಗೇಟಿಗೆ ಬಂದು ನಿಂತಿತಂತೆ. ಗಾಡಿ ಬರಲು ಇನ್ನೂ ಹೊತ್ತಿತ್ತು. ಗಂಡಿನ ಸೋದರಮಾವ ಇಳಿದು ಬಂದು, ಮುಹೂರ್ತ ಮೀರುತ್ತಿದೆ, ಗೇಟು ತೆಗಿ ಎಂದು ಕೂಗಾಡಿದನಂತೆ. ಗೇಟಮ್ಮ, "ಮುಹೂರ್ತ ನಿಮ್ದು, ಗಾಡಿ ನಂದು" ಎಂದು ಗುಮ್ಟಿಯೊಳಗೆ ಹೋಗಿ, ಕೊಡದಲ್ಲಿದ್ದ ಮಜ್ಜಿಗೆಯನ್ನು ತಂದು ದಿಬ್ಬಣದವರಿಗೆಲ್ಲ ಕುಡಿಸಿದರಂತೆ. ಮದುಮಗ ಎರಡು ಲೋಟ ಕುಡಿದನಂತೆ. ಇದನ್ನು ಹೇಳುವಾಗ ಆ ಮಾವನ ಕೂಗಾಟವನ್ನು ಅವರು ಮಾಡಿ ತೋರಿಸುತ್ತಿದ್ದ ಚೆಂದವೇ ಚೆಂದ.

ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರ ಬಂತು. ದೇಶ ದೇಶ ದಾಟಿ ಬಂದ ರೋಗ ಅಂತ ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಕರ್ಚೀಫು ಕಟ್ಟಿಕೊಂಡವರೇ ಎಲ್ಲ. ಕರ್ಪೂರ, ಏಲಕ್ಕಿ ಪುಡಿ ಮಾಡಿ ಬಟ್ಟೆಯ ಪುಟ್ಟ ಗಂಟು ಕಟ್ಟಿ ಮೂಸುತ್ತಿದ್ದರೆ ರೋಗ ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ನಮ್ಮ ಹಾಸ್ಟೆಲೆಲ್ಲ ದೇವಸ್ಥಾನದ ವಾಸನೆ. ಕ್ಲಾಸಿನಲ್ಲಿ ಒಬ್ಬಳು ಕೆಮ್ಮಿದರೆ ಅರವತ್ತು ತಲೆ ತಿರುಗುತ್ತಿದ್ದವು.

ಮೂಸುವುದಷ್ಟೇ ನಮ್ಮ ಆರೋಗ್ಯದ ಕಾಳಜಿ. ಉಳಿದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಗೆ ಐದು ವಾರ ಉಳಿದಿತ್ತು. ಬೆಳಿಗ್ಗೆ ತಿಂಡಿ ಬಿಟ್ಟು ಓದುವವರು, ಟೀ ಕುಡಿದೇ ಬದುಕುವವರು, ಮೂರು ಗಂಟೆ ನಿದ್ದೆ ಮಾಡಿ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವವರು. ನಾಲ್ಕು ಜನಕ್ಕೆ ಒಂದು ನೀರಿನ ಬಾಟಲಿ, ಇಬ್ಬರಿಗೆ ಒಂದು ತಟ್ಟೆ, ಇಡೀ ರೂಮಿಗೆ ಒಂದು ಬಾಚಣಿಗೆ. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುವವರು ದಿನಕ್ಕೊಬ್ಬರು. ನನಗೆ ಕೂದಲು ಉದುರಿ ಉದುರಿ ಜಡೆ ಬಾಲದ ಹಾಗಾಗಿತ್ತು. ಟೆನ್ಷನ್ ಎನ್ನುವ ಮಾತು ನಮ್ಮ ಬಾಯಲ್ಲಿ ಉಪ್ಪಿಗಿಂತ ಹೆಚ್ಚು ಓಡಾಡುತ್ತಿತ್ತು.

ಈ ಹೊತ್ತಿನಲ್ಲಿ ಹಾಸ್ಟೆಲ್ ಸಮಿತಿಯವರು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ದಿನಾ ಬೆಳಿಗ್ಗೆ ಎಲ್ಲರೂ ಥರ್ಮಾಮೀಟರ್ ಇಟ್ಟುಕೊಂಡು ಪುಸ್ತಕದಲ್ಲಿ ಬರೆಯಬೇಕು. ಒಂದೇ ಸಲಕ್ಕೆ ಮೂವರಿಗೆ ಜ್ವರ ಕಂಡರೆ ಹಾಸ್ಟೆಲ್ ಮುಚ್ಚಿ ಎಲ್ಲರನ್ನೂ ಊರಿಗೆ ಕಳಿಸುವುದು.

ಊರಿಗೆ ಕಳಿಸುವುದು ಎಂದರೆ ಪರೀಕ್ಷೆ ತಪ್ಪಿತು ಎಂದೇ ಅರ್ಥ. ನಮ್ಮೂರು ಬಸ್ತಿಹಳ್ಳಿ, ಹಳೇಬೀಡಿಗೆ ಅಂಟಿಕೊಂಡದ್ದು; ನಾನಾದರೂ ಹೇಗೋ ಎದ್ದು ಬಿದ್ದು ಬಸ್ಸು ಹಿಡಿಯಬಹುದಿತ್ತು. ನನ್ನ ರೂಮಿನ ಪವಿತ್ರಳದು ಅರೇಹಳ್ಳಿಯಿಂದ ಇನ್ನೂ ಒಳಗಿನ ಊರು. ಅಲ್ಲಿಂದ ಮೊದಲ ಬಸ್ಸು ಹಿಡಿದು, ಬೇಲೂರಿನಲ್ಲಿ ಬದಲಾಯಿಸಿ ಅರಸೀಕೆರೆಗೆ ಬಂದು ಇಳಿಯುವ ಹೊತ್ತಿಗೆ ಪರೀಕ್ಷೆ ಅರ್ಧ ಮುಗಿದಿರುತ್ತಿತ್ತು. ಅಂಥವರು ಹನ್ನೆರಡು ಜನ ಇದ್ದರು. ನಲವತ್ತೆರಡು ಹುಡುಗಿಯರ ಹಾಸ್ಟೆಲಿನಲ್ಲಿ ಆ ಹನ್ನೆರಡು ಜನರ ಓದು ಒಂದು ಥರ್ಮಾಮೀಟರಿನ ತುದಿಯಲ್ಲಿ ಕೂತಿತ್ತು.

ಹಾಗಾಗಿ ನಾವೆಲ್ಲ ಸೇರಿ ಒಂದು ಬುದ್ಧಿವಂತಿಕೆ ಮಾಡಿದೆವು. ಜ್ವರ ಬಂದವಳು ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾರಾಸಿಟಮಾಲ್ ನುಂಗುವುದು. ಜ್ವರ ಇಳಿಯುವ ಹೊತ್ತಿಗೆ ಸರಿಯಾಗಿ ಥರ್ಮಾಮೀಟರ್ ಇಡುವುದು. ಇನ್ನೂ ಇಳಿಯದಿದ್ದರೆ ಪಕ್ಕದವಳು ಇಟ್ಟುಕೊಳ್ಳುವುದು. ಎಲ್ಲರ ದಿಂಬಿನ ಕೆಳಗೂ ಮಾತ್ರೆ ಹಾಳೆ. ಪುಸ್ತಕದಲ್ಲಿ ಮಾತ್ರ ನಲವತ್ತೆರಡು ಹೆಸರಿನ ಮುಂದೆಯೂ ತೊಂಬತ್ತೆಂಟು ಪಾಯಿಂಟ್ ನಾಲ್ಕು.

ಎರಡನೇ ವಾರ ಗೇಟಮ್ಮ ಆ ಪುಸ್ತಕವನ್ನು ಊಟದ ಹಾಲಿಗೆ ತಂದು ಪುಟ ತಿರುವಿ ನೋಡಿದರು. ಒಂದು, ಎರಡು, ಮೂರು ಪುಟ. ಆಮೇಲೆ ನಗಲು ಶುರು ಮಾಡಿದರು.

"ಗುಮ್ಟೀಲಿ ನನ್ ಜೊತೆ ಪಾಳಿ ಮಾಡ್ತಿದ್ದೋನು ಒಬ್ಬನಿದ್ದ. ಸಾಯಂಕಾಲ ಬರೋ ಗಾಡಿ ಹೊತ್ತನ್ನ ಬೆಳಿಗ್ಗೇನೇ ಬರ್ದು ಇಟ್ಬಿಡ್ತಿದ್ದ. ಅವನ ಬುಕ್ಕೂ ಹಿಂಗೇ ಇರ್ತಿತ್ತು. ಒಂದು ಕಾಟಿಲ್ಲ, ಒಂದು ತಿದ್ದಿಲ್ಲ. ಏನ್ ಚೆಂದ ಅಂತೀರಾ!" ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಎದ್ದು ಹೋದರು. ಯಾರನ್ನೂ ಬೈಯಲಿಲ್ಲ. ಅದೇ ನಮಗೆ ಹೆದರಿಕೆಯಾಗಿದ್ದು.

ಆಗ ನನಗೆ ಜ್ವರ ಬಂದು ಎರಡು ದಿನವಾಗಿತ್ತು. ಮರುದಿನ ಇಂಟರ್ನಲ್ ಪರೀಕ್ಷೆ. ಮೈ ಕೈ ಎಲ್ಲ ಕುಟ್ಟಿದ ಹಾಗೆ ನೋವು. ಓಡುವುದಿರಲಿ, ಬೇಗ ನಡೆಯುವುದೂ ಆಗುವುದಿಲ್ಲ ಎಂದು ಗೊತ್ತಿದ್ದರಿಂದ, ಪರೀಕ್ಷೆಯ ಬೆಳಿಗ್ಗೆ ಎರಡು ಮಾತ್ರೆ ನುಂಗಿ, ಮುಖಕ್ಕೆ ಪೌಡರು ಬಳಿದುಕೊಂಡು, ಜನ್ಮದಲ್ಲಿ ಮೊದಲ ಸಲ ಹೊತ್ತಿಗೆ ಮುಂಚೆಯೇ ಹೊರಟೆ. ಸಾಲಿನಲ್ಲಿ ಆರನೆಯವಳು ನಾನು. ಗೇಟಿನ ಹತ್ತಿರ ಬಂದದ್ದೇ ತಡ, ನನ್ನ ಮುಂದೆ ಫಟ್ಟನೆ ಕೆಂಪು ಬಾವುಟ ಬಿಚ್ಚಿಕೊಂಡಿತು.

"ನಿಂತ್ಕೊ."

"ಯಾಕೆ? ನನಗೇನೂ ಆಗಿಲ್ಲ."

"ಆಗಿಲ್ದೇ ನೀನು ಆರನೇಯೋಳಾಗಿ ಬಂದ್ಯಾ? ಎರಡು ವರ್ಷದಿಂದ ನೋಡ್ತಿದೀನಿ. ನೀನು ಬೇಗ ಬಂದೆ ಅಂದ್ರೇನೇ ಏನೋ ಕೆಟ್ಟೈತೆ."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು; ಜ್ವರದ ಮೇಲೆ ಸಿಟ್ಟು ಬೇರೆ. "ನೀವೇನು ಡಾಕ್ಟ್ರಾ? ಗೇಟ್ ಕಾಯೋರು ಗೇಟ್ ಕಾಯ್ರಿ" ಎಂದುಬಿಟ್ಟೆ. ಇವತ್ತಿಗೂ ಆ ಮಾತು ನೆನಪಾದರೆ ತಲೆ ತಗ್ಗಿಸುವ ಹಾಗಾಗುತ್ತದೆ.

"ಅದನ್ನೇ ಮಾಡ್ತಿದೀನಿ ಮಗ" ಎಂದರು, ಬಾವುಟ ಇಳಿಸದೆ.

ಆಟೋದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಹೆಚ್ಚು ತೊಂದರೆಯಿಲ್ಲ, ಏಳು ದಿನ ಬೇರೆ ರೂಮಿನಲ್ಲಿರಲಿ, ನೀರು ಚೆನ್ನಾಗಿ ಕುಡಿಯಲಿ, ನಿದ್ದೆ ಮಾಡಲಿ, ಉಸಿರಾಡಲು ಕಷ್ಟವಾದರೆ ಒಂದು ಗಳಿಗೆ ತಡಮಾಡದೆ ಕರೆತನ್ನಿ ಎಂದರು. ಆಮೇಲೆ ಗೇಟಮ್ಮನ ಕಡೆ ತಿರುಗಿ, "ಅಜ್ಜಿ, ನಿಮಗೂ ವಯಸ್ಸಾಗಿದೆ. ನೀವೂ ಹುಷಾರು" ಎಂದರು. "ನಂಗೇನಾಯ್ತದೆ" ಎಂದು ಗೇಟಮ್ಮ ನಕ್ಕರು.

ಹಾಸ್ಟೆಲಿನ ಒಂದು ಪಕ್ಕಕ್ಕೆ ಮುರಿದ ಮಂಚಗಳನ್ನು ತುಂಬಿದ್ದ ಒಂದು ಕೋಣೆಯಿತ್ತು. ಸೀಬೆಮರದ ಕಡೆಗೊಂದು, ಗೇಟಿನ ಕಡೆಗೊಂದು, ಎರಡು ದೊಡ್ಡ ಕಿಟಕಿ. ಮಧ್ಯಾಹ್ನದೊಳಗೆ ಅದನ್ನು ಖಾಲಿ ಮಾಡಿ, ತೊಳೆದು, ನನ್ನ ಹಾಸಿಗೆ ಹಾಕಿಸಿದರು. ನಾನು ಮಲಗಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಇಂಟರ್ನಲ್ ಹೋಯಿತು, ನನ್ನಿಂದ ಹಾಸ್ಟೆಲ್ ಮುಚ್ಚುತ್ತಾರೆ, ಪವಿತ್ರಳ ಪರೀಕ್ಷೆ ಹೋಯಿತು, ಎಲ್ಲ ಹೋಯಿತು. ಗೇಟಮ್ಮ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತು ನಾನು ಅಳುವುದು ಮುಗಿಯಲಿ ಎಂದು ಕಾದರು.

"ಎಕ್ಸ್‌ಪ್ರೆಸ್ಸು ಬರೋವಾಗ ಪ್ಯಾಸೆಂಜರ್ ಗಾಡೀನ ಏನ್ ಮಾಡ್ತಾರೆ ಗೊತ್ತಾ? ಲೂಪ್ ಲೈನಿಗೆ ಹಾಕ್ತಾರೆ. ಪಕ್ಕದ ಹಳಿ. ಸುಮ್ನೆ ನಿಂತಿರ್ತದೆ. ಒಳಗಿರೋರು ನಿನ್ನಂಗೇ ಗೊಣಗ್ತಾರೆ. ಆದ್ರೆ ಲೂಪಿಗೆ ಹಾಕಿದ ಗಾಡಿ ರದ್ದಾದ ಗಾಡಿ ಅಲ್ಲ ಕಣವ್ವ. ಲೈನ್ ಸಿಕ್ಕಿದ್ ಕೂಡ್ಲೇ ಮತ್ತೆ ಹೊರಡ್ತದೆ." ಆ ಕೋಣೆಗೆ ಲೂಪ್ ಲೈನ್ ಎಂಬ ಹೆಸರು ಬಂದದ್ದು ಹಾಗೆ.

ಸಾಯಂಕಾಲ ಊಟದ ಹಾಲಿನಲ್ಲಿ ಎಲ್ಲರನ್ನೂ ದೂರ ದೂರ ಕೂರಿಸಿ ಅವರು ಆಡಿದ ಮಾತನ್ನು ಪವಿತ್ರ ನನಗೆ ಆಮೇಲೆ ಹೇಳಿದಳು. "ಜ್ವರ ಬಂದಿದ್ದು ತಪ್ಪಲ್ಲ. ಹೇಳೋದು ತಪ್ಪಲ್ಲ. ಬಚ್ಚಿಡೋದೊಂದೇ ತಪ್ಪು. ಎಷ್ಟು ಜನಕ್ಕೈತೆ ಅಂತ ಗೊತ್ತಾದ್ರೆ ನಾನು ದಾರಿ ಮಾಡ್ತೀನಿ. ಗೊತ್ತಾಗ್ದೇ ಇದ್ರೆ ನನ್ ಕೈಲಿ ಏನೂ ಆಗಲ್ಲ." ಮೊದಲು ಕೈ ಎತ್ತಿದವಳು ಪವಿತ್ರಳೇ. ಅವಳ ಹಿಂದೆ ಇನ್ನು ಮೂವರು. ನಾನೂ ಸೇರಿ ಐದು. ಗೇಟಮ್ಮ ಮರುದಿನ ಬೆಳಿಗ್ಗೆ ಪುಸ್ತಕದಲ್ಲಿ ಐದು ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆದು, ಸಮಿತಿಯ ಕಾರ್ಯದರ್ಶಿಗೆ ತಾವೇ ಫೋನ್ ಮಾಡಿ ಹೇಳಿದರು.

ನಮಗೆಲ್ಲ ಎದೆ ಒಡೆದು ಹೋಯಿತು. ನಂಬಿಸಿ ಹೇಳಿಸಿ ಕುತ್ತಿಗೆ ಕುಯ್ದರು ಎಂದೇ ಅಂದುಕೊಂಡೆವು. ಲೂಪ್ ಲೈನಿನಲ್ಲಿ ಐದು ಮಂಚದ ಮೇಲೆ ಐದು ಜನ ಗೇಟಮ್ಮನನ್ನು ಬೈದೆವು. ಹತ್ತು ಗಂಟೆಗೆ ಕಾರ್ಯದರ್ಶಿಗಳ ಸ್ಕೂಟರು ಗೇಟಿಗೆ ಬಂದು ನಿಂತಿತು. ಅವರ ಕೈಯಲ್ಲಿ ಹೊಸ ಬೀಗವಿತ್ತು. ಒಳ್ಳೆಯ ಮನುಷ್ಯರೇ, ಆದರೆ ಹೆದರಿದ್ದರು. ಕಿಟಕಿಯಿಂದ ನಮಗೆ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

"ಮೂರು ಅಂದ್ರೆ ಮೂರು ಕಣಮ್ಮ. ಐದಾಗಿದೆ. ಇವತ್ತೇ ಎಲ್ಲರನ್ನೂ ಬಸ್ಸು ಹತ್ತಿಸಿ."

"ಬಸ್ಸಲ್ಲಿ ಇವರು ಊರಿಗೆ ಜ್ವರಾನೂ ತಗೊಂಡು ಹೋಯ್ತಾರೆ ಸಾರ್. ಅಲ್ಲಿ ಇವರ ಅಜ್ಜಿ ತಾತಂದಿರು ಅವ್ರೆ, ಎಳೇ ಮಕ್ಕಳು ಅವ್ರೆ. ಇಲ್ಲಿ ಐದು ಗಾಡಿ ಲೂಪಲ್ಲಿ ನಿಂತವೆ, ಮೇನ್ ಲೈನ್ ಖಾಲಿ ಐತೆ."

"ರೂಲ್ಸು ಇದೆಯಲ್ಲಮ್ಮ!"

"ರೂಲ್ಸು ಐತೆ. ಮೊನ್ನೆವರೆಗೂ ನಿಮ್ ಬುಕ್ಕಲ್ಲಿ ಒಂದು ಜ್ವರಾನೂ ಇರ್ಲಿಲ್ಲ, ಹಾಸ್ಟೆಲ್ ತುಂಬ ಜ್ವರ ಇತ್ತು. ಇವತ್ತು ಬುಕ್ಕಲ್ಲಿ ಐದೈತೆ, ಐದೂ ಒಂದೇ ಕೋಣೇಲಿ ಅವೆ. ಯಾವುದು ವಾಸಿ ನೀವೇ ಹೇಳಿ."

ಕಾರ್ಯದರ್ಶಿಗಳು ಬೀಗವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ನಿಮ್ಮ ಗೇಟಲ್ಲಿ ನಾನೂ ಎಷ್ಟೋ ಸಲ ಕಾದಿದೀನಿ. ಒಂದು ಸಲಾನೂ ನೀವು ಬೇಗ ತೆಗೆದೋರಲ್ಲ" ಎಂದರು, ದೂರುವ ದನಿಯಲ್ಲಿ.

"ತೆಗೆದಿದ್ರೆ ಇವತ್ತು ಬೀಗ ಹಿಡ್ಕೊಂಡು ಇಲ್ಲಿ ನಿಂತಿರ್ತಿದ್ರಾ ಸಾರ್?"

ಅವರಿಗೆ ನಗು ತಡೆಯಲಾಗಲಿಲ್ಲ. ಹತ್ತು ದಿನ ನೋಡೋಣ, ಆಸ್ಪತ್ರೆಯ ಡಾಕ್ಟರನ್ನೂ ಒಂದು ಮಾತು ಕೇಳುತ್ತೇನೆ ಎಂದು ಬೀಗವನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೋದರು. ನಾವು ಐದು ಜನ ಜ್ವರದಲ್ಲೇ ಮಂಚದ ಮೇಲೆ ಕುಣಿದೆವು. ಗೇಟಮ್ಮ ಕಿಟಕಿಗೆ ಬಂದು, "ಮಲ್ಕೊಳ್ರೇ ಸುಮ್ನೆ" ಎಂದು ಗದರಿದರು. ಆಮೇಲೆ ಡಾಕ್ಟರು ಏನು ಹೇಳಿದರೋ, ಕಾರ್ಯದರ್ಶಿಗಳು ನೋಟಿಸ್ ಬೋರ್ಡಿನ ಆ ಹಾಳೆಯನ್ನು ತಾವೇ ಬಂದು ಕಿತ್ತರು.

ಆ ದಿನಗಳಲ್ಲಿ ನಡೆದ ಒಂದು ತಮಾಷೆ ಹೇಳಬೇಕು. ಲೂಪ್ ಲೈನಿನ ಕಿಟಕಿಗೆ, ಯಾರೂ ಹತ್ತಿರ ಹೋಗಬಾರದೆಂದು ಗೇಟಮ್ಮ ಕೆಂಪು ಬಟ್ಟೆಯೊಂದನ್ನು ಕಟ್ಟಿದ್ದರು. ಬೀದಿಯಿಂದ ಅದನ್ನು ನೋಡಿದ ಯೂನಿಯನ್ನಿನವರೊಬ್ಬರು ಒಳಗೆ ಬಂದು, "ಹುಡುಗೀರು ಮುಷ್ಕರ ಹೂಡಿದ್ದಾರಾ? ಬೇಡಿಕೆ ಏನು? ನಮ್ಮ ಬೆಂಬಲ ಇದೆ" ಎಂದರು. ಗೇಟಮ್ಮ, "ಬೇಡಿಕೆ ಸೋಪು ಸಾಮಿ, ಕೈ ತೊಳ್ಕೊಳಕ್ಕೆ" ಎಂದರು. ಆ ಪುಣ್ಯಾತ್ಮರು ಸಾಯಂಕಾಲ ಒಂದು ಪೆಟ್ಟಿಗೆ ಸೋಪು ತಂದುಕೊಟ್ಟರು.

ಸೋಪು ಬಂದ ಮೇಲೆ ಅದಕ್ಕೊಂದು ಶಿಸ್ತೂ ಬಂತು. ಹೊರಗಿನಿಂದ ಬಂದವಳು ಕೈ ತೊಳೆಯದೆ ಮೆಟ್ಟಿಲು ಹತ್ತುವಂತಿಲ್ಲ. ಒಬ್ಬಳಿಗೆ ಒಂದು ತಟ್ಟೆ, ಒಂದು ಲೋಟ, ಅದರ ಮೇಲೆ ಅವಳ ಹೆಸರು. ಎಲ್ಲ ಕಿಟಕಿ ತೆರೆದಿರಬೇಕು. ಒಂದು ಲೋಟ ರಾಗಿ ಅಂಬಲಿ ಕುಡಿಯದವಳಿಗೆ ಬೆಳಿಗ್ಗೆ ಹಸಿರು ಬಾವುಟ ಇಲ್ಲ. ಹತ್ತು ಗಂಟೆಗೆ ದೀಪ ಆರಬೇಕು. ಓದುವುದು ಬಾಕಿ ಇದೆ ಎಂದು ಯಾರಾದರೂ ರಾಗ ಎಳೆದರೆ, "ಉಗಿ ಇಂಜಿನ್ನನ್ನೂ ನೀರು ಹಿಡಿಸಕ್ಕೆ ನಿಲ್ಲಿಸ್ತಿದ್ರು. ನಿಂದೇನು ಅದಕ್ಕಿಂತ ದೊಡ್ಡ ಗಾಡಿಯಾ?" ಎನ್ನುತ್ತಿದ್ದರು. ಸಂಜೆ ಐದಕ್ಕೆ ಎಲ್ಲರೂ ಪುಸ್ತಕ ಮಡಚಿ ಹಾಸ್ಟೆಲಿನ ಸುತ್ತ ಆರು ಸುತ್ತು ನಡೆಯಬೇಕು. ಮೊದಲು ಗೊಣಗಿದೆವು. ಎರಡು ವಾರ ಕಳೆಯುವುದರೊಳಗೆ ಬಚ್ಚಲಲ್ಲಿ ಅಳುವವರು ಕಮ್ಮಿಯಾದರು. ಅಳು ಬಂದವಳು ಆ ಆರು ಸುತ್ತಿನಲ್ಲಿ ಜೊತೆಯವಳ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಓದಿದ್ದು ತಲೆಯಲ್ಲಿ ನಿಲ್ಲುವುದೂ ಶುರುವಾಯಿತು. ಇನ್ನೂ ನಾಲ್ವರಿಗೆ ಜ್ವರ ಬಂತು. ನಾಲ್ವರೂ ತಾವೇ ಬಂದು ಹೇಳಿದರು, ಲೂಪಿಗೆ ಹೋದರು, ಎದ್ದು ಬಂದರು. ಇಂಟರ್ನಲ್ ತಪ್ಪಿದವರಿಗೆ ಕಾಲೇಜಿನವರು ಇನ್ನೊಂದು ದಿನ ಕೊಟ್ಟರು. ಕೇಳಲು ಹೋದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆಗೆ ಇನ್ನು ನಾಲ್ಕು ದಿನ. ನಾನು ಮತ್ತೆ ನನ್ನ ಜಾಗಕ್ಕೆ, ಸಾಲಿನ ಕೊನೆಗೆ ಬಂದಿದ್ದೆ. ಎಲ್ಲರೂ ದಾಟಿದ ಮೇಲೆ ಓಡುತ್ತಾ ಗೇಟಿಗೆ ಬಂದವಳು ನಿಂತುಬಿಟ್ಟೆ. ಗೇಟಮ್ಮ ಅದೇ ಕಲ್ಲಿನ ಮೇಲೆ ಇದ್ದರು. ಆದರೆ ಎರಡೂ ಬಾವುಟ ಬಲಗೈಯಲ್ಲಿದ್ದವು. ಎಡಗೈ ಗೇಟಿನ ಸರಳನ್ನು ಹಿಡಿದಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಅವರು ಗೇಟಿಗೆ ಒರಗಿದ್ದನ್ನು ನಾನು ಕಂಡಿರಲಿಲ್ಲ. ಹಸಿರು ಬಾವುಟದ ತುದಿ ಗಾಳಿಯಿಲ್ಲದೆ ಅಲ್ಲಾಡುತ್ತಿತ್ತು.

ಏನೂ ಯೋಚಿಸಲಿಲ್ಲ. ಅವರ ಕೈಯಿಂದ ಕೆಂಪು ಬಾವುಟ ಎಳೆದುಕೊಂಡು ಅವರ ಮುಖದ ಮುಂದೆಯೇ ಬಿಚ್ಚಿ ಹಿಡಿದೆ.

"ಏನೇ ಇದು?"

"ನಿಂತ್ಕೊಳ್ಳಿ ಗೇಟಮ್ಮ. ನಿಮಗೆ ಜ್ವರ ಬಂದಿದೆ."

"ನಾನು ಗೇಟು ಕಣೇ, ಗಾಡಿ ಅಲ್ಲ! ಕೊಡಿಲ್ಲಿ." ಸಿಟ್ಟಿನಿಂದ ದನಿ ಏರಿಸಲು ಹೋಗಿ ಕೆಮ್ಮು ಬಂತು. "ರಿಲೀವರ್ ಬರ್ದೆ ಗೇಟ್ ಬಿಡೋ ಹಂಗಿಲ್ಲ. ಎಂಥೆಂಥ ಜ್ವರದಲ್ಲಿ ನಿಂತಿದೀನಿ ಗೊತ್ತಾ ನಿಂಗೆ? ಒಂದು ದಿನ ಬಿಟ್ಟಿಲ್ಲ. ನಾಕು ದಿನ ಐತೆ ಪರೀಕ್ಷೆಗೆ. ಈಗ ನಾನು ಮಲಗಿದ್ರೆ ನಿಮ್ಮನ್ನ ನೋಡೋರ್ ಯಾರು?"

ಅವರು ಎಷ್ಟು ದಿನದಿಂದ ಬಚ್ಚಿಟ್ಟುಕೊಂಡಿದ್ದರು ಎಂದು ಆಗ ಹೊಳೆಯಿತು. ನಮ್ಮೆಲ್ಲರ ಪಕ್ಕ ಅವರು ನಿಂತಿದ್ದರು. ಅವರ ಪಕ್ಕ ನಿಂತು ನೋಡುವವರು ಯಾರೂ ಇರಲಿಲ್ಲ. ನಾನು ಬಾವುಟ ಇಳಿಸಲಿಲ್ಲ.

"ಬಚ್ಚಿಡೋದೊಂದೇ ತಪ್ಪು ಅಂದೋರು ನೀವೇ. ನಾನೇ ರಿಲೀವರ್. ಚಾರ್ಜ್ ಕೊಡಿ."

ಅವರು ನನ್ನನ್ನು ನೋಡಿದರು. ಈ ಸಲ ಕಾಲನ್ನಲ್ಲ, ಮುಖವನ್ನು. "ನೀನಾ? ಹೊತ್ತಿಗೆ ಸರಿಯಾಗಿ ಎದ್ದೇಳ್ತೀಯಾ?"

"ಎದ್ದೇಳ್ತೀನಿ."

ಅವರು ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು, ಹಿಂದೆ ಪಾಳಿ ಬದಲಾಯಿಸುವಾಗ ಹೇಳುತ್ತಿದ್ದ ಹಾಗೆಯೇ ಒಂದೊಂದನ್ನೂ ನನ್ನ ಕೈಗಿಟ್ಟು ಹೇಳಿದರು. "ಕೆಂಪು ಒಂದು. ಹಸಿರು ಒಂದು. ಬೀಗದ ಕೈ ಒಂದು. ಹುಡುಗೀರು ನಲವತ್ತೆರಡು. ಚಾರ್ಜ್ ಕೊಟ್ಟೆ."

"ಚಾರ್ಜ್ ತಗೊಂಡೆ" ಎಂದೆ.

ಆಸ್ಪತ್ರೆಯ ಅದೇ ಡಾಕ್ಟರು ಗೇಟಮ್ಮನನ್ನು ನಮ್ಮೆದುರೇ ಬೈದರು. ವಯಸ್ಸಾದವರಿಗೆ ಇದು ಆಟವಲ್ಲ, ಇನ್ನೆರಡು ದಿನ ಹೀಗೇ ನಿಂತಿದ್ದರೆ ಕಷ್ಟವಾಗುತ್ತಿತ್ತು ಎಂದು ಔಷಧಿ ಕೊಟ್ಟು, ದಿನಾ ಬಂದು ತೋರಿಸಬೇಕೆಂದು ಹೇಳಿ ಕಳಿಸಿದರು. ಖಾಲಿಯಾಗಿದ್ದ ಲೂಪ್ ಲೈನಿನಲ್ಲಿ ಅವರಿಗೇ ಹಾಸಿಗೆ ಹಾಕಿದೆವು. ಗುಮ್ಟಿಯಲ್ಲಿ ಒಂದು ದಿನ ರಜೆ ಹಾಕದ ಹೆಂಗಸು, ಅಂಬಲಿ ಕುಡಿಯಲು ಹಟಮಾಡಿ ಪವಿತ್ರಳ ಕೈಲಿ ಬೈಸಿಕೊಂಡರು. ಆ ನಾಲ್ಕು ದಿನ ನಾನು ಎಲ್ಲರಿಗಿಂತ ಮುಂಚೆ ಎದ್ದೆ. ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದರೆ ನಂಬಲಿಲ್ಲ.

ಪರೀಕ್ಷೆಯ ಮೊದಲ ದಿನ ಎಲ್ಲ ವರ್ಷದವರಿಗೂ ಪೇಪರ್ ಇತ್ತು, ಎಲ್ಲರಿಗೂ ಕಾಲೇಜಿನ ದೊಡ್ಡ ಹಾಲಿನಲ್ಲೇ ಸೀಟು. ನಾನು ಗೇಟಿನ ಎಡಗಡೆ ಆ ಕಲ್ಲಿನ ಮೇಲೆ ನಿಂತೆ. ಹಾಲ್ ಟಿಕೆಟ್ ಕುಪ್ಪಸದೊಳಗೆ, ಪೆನ್ನು ಜಡೆಯಲ್ಲಿ, ಕೈಯಲ್ಲಿ ಬಾವುಟ. ಕೈ ತೊಳೆದು, ಅಂಬಲಿ ಕುಡಿದು, ನಿದ್ದೆ ಮಾಡಿ ಎದ್ದ ಮುಖಗಳು ಒಂದೊಂದಾಗಿ ಬಂದವು. ನಾನು ಮುಖ ನೋಡಲಿಲ್ಲ, ನಡಿಗೆ ನೋಡಿದೆ. ಯಾರೂ ಕಾಲೆಳೆಯುತ್ತಿರಲಿಲ್ಲ. ದೂರದೂರಿನ ಆ ಹನ್ನೆರಡು ಜನ ಒಟ್ಟಿಗೆ ಬಂದರು, ಪವಿತ್ರ ಎಲ್ಲರಿಗಿಂತ ಮುಂದೆ. ಹಸಿರು ಬಾವುಟ ಬೀಸಿ ಬೀಸಿ ನನ್ನ ತೋಳು ಸೋತಿತು. ನಲವತ್ತೊಂದು. ಅಡುಗೆಯವರ ಕೈಗೆ ಬೀಗದ ಕೈ ಕೊಟ್ಟು, ಬಾವುಟಗಳನ್ನು ಗೇಟಿಗೆ ಸಿಕ್ಕಿಸಿ, ಲೂಪ್ ಲೈನಿನ ಕಿಟಕಿಯ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ.

"ಗಾಡಿ ಪೂರ್ತಿ ಹೋಯ್ತು ಗೇಟಮ್ಮಾ!"

ಅವರು ಮಂಚದ ಮೇಲೆ ಎದ್ದು ಕೂತು, ಕಿಟಕಿಯ ಸರಳು ಹಿಡಿದು ನೋಡುತ್ತಿದ್ದರು. ಅವರೂ ಎಣಿಸಿದ್ದರು.

"ಎಲ್ಲಿ ಪೂರ್ತಿ? ಎಲ್ವಿ ಕಾಣ್ಲಿಲ್ಲ!"

"ಎಲ್ವಿ ನಾನೇ ಗೇಟಮ್ಮ!"

"ಹಂಗಾದ್ರೆ ಇನ್ನೂ ಇಲ್ಯಾಕ್ ನಿಂತಿದೀಯೇ? ಓಡೇ!"

ಓಡಿದೆ. ಕೊಬ್ಬರಿ ಮಂಡಿ ದಾಟಿ, ಬಸ್ ಸ್ಟ್ಯಾಂಡ್ ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ನಾನು ಹಾಲಿನ ಬಾಗಿಲು ದಾಟುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ನಮ್ಮ ಹಾಸ್ಟೆಲಿನ ನಲವತ್ತೊಂದು ತಲೆಗಳು ಒಟ್ಟಿಗೆ ಹಿಂದೆ ತಿರುಗಿದವು. ಮುಂದಿನ ಸಾಲಿನಿಂದ ಪವಿತ್ರ ಪೆನ್ನು ಮೇಲೆತ್ತಿ, ನಲವತ್ತೆರಡು ಎಂದು ಬಾಯಿ ಆಡಿಸಿದಳು. ಅವತ್ತು ನಾನು ತಡವಾಗಿ ಹೋಗಲಿಲ್ಲ.